ಬಡವರ ಹಡಗಿನಲ್ಲಿ ಪ್ರಯಾಣ ಮಾಡಿದ ಗ್ರಂಥಕರ್ತರು

ಸ್ಕಾಟ್ಲೆಂಡ್ ದೇಶದ ರಾಬರ್ಟ್ ಲೂಯಿಸ್ ಸ್ಟೀವನ್ಸನ್ ಎಂಬ ಗ್ರಂಥಕರ್ತರ ಹೆಸರನ್ನು ಇಂಗ್ಲಿಷ್ ಓದಿದ ನಮ್ಮ ಮಕ್ಕಳಲ್ಲಿ ಅನೇಕರು ಕೇಳಿರುವರು. ಕಡಲ್ಗಳ್ಳರು ಹೂತಿಟ್ಟ ನಿಧಿಯನ್ನು ಕುರಿತು ಅವರು ಬರೆದ ಕಥೆಯು ಲೋಕದಲ್ಲೆಲ್ಲಾ ಪ್ರಸಿದ್ಧವಾಗಿದೆ. ಆದರೆ ಆ ಹೆಸರು ಬರುವದಕ್ಕೆ ಮುಂಚೆ ಅವರು ಬಡವರ ಸಂಗಡ ಒಂದು ಹೊಗೆಹಡಗಿನಲ್ಲಿ ಮಾಡಿದ ಪ್ರಯಾಣವನ್ನೂ, ಅದರ ವೃತ್ತಾಂತವು ಬಹುಕಾಲ ಮರೆಯಾಗಿದ್ದದ್ದನ್ನೂ ಬಲ್ಲವರು ಸ್ವಲ್ಪವೇ.

ಇವರು 1850ನೇ ನವೆಂಬರ್ 13ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಹುಟ್ಟಿದರು. ಇವರ ತಂದೆಯೂ ಅಜ್ಜನೂ ಕಡಲ ತೀರದಲ್ಲಿ ದೀಪಸ್ತಂಭಗಳನ್ನು ಕಟ್ಟಿಸಿ ಹೆಸರುಗೊಂಡ ಇಂಜಿನಿಯರರು. ತಾಯಿಯ ತಂದೆಯು ಸಭಾಪಾಲಕರು. ಮಗುವು ಎದೆಯ ರೋಗದಿಂದ ರಾತ್ರಿಯೆಲ್ಲಾ ಕೆಮ್ಮುತ್ತಾ ಎಚ್ಚರವಾಗಿರುವಾಗ ದಾದಿಯು ಹತ್ತರ ಕೂತು ಸತ್ಯವೇದವನ್ನು ಓದಿ ಹೇಳುವಳು. ತಂದೆಯು ಮಗನನ್ನು ತನ್ನ ಕಸುಬಿಗೆ ಸೇರಿಸಬೇಕೆಂದಿದ್ದರೂ ಮಗನ ಮನಸ್ಸು ಬರವಣಿಗೆಯಲ್ಲಿತ್ತು. ಅವರು 1875ರಲ್ಲಿ ವಕೀಲರಾದರೂ ಆ ಉದ್ಯೋಗದಲ್ಲಿ ನಿಲ್ಲಲಿಲ್ಲ. ನಂಬಿಕೆಯ ವಿಷಯದಲ್ಲಿಯೂ ತಂದೆಮಕ್ಕಳಿಗೆ ಭೇದ ಹುಟ್ಟಿ ಆ ಮನೆಯು ಬಹಳ ದುಃಖಪಟ್ಟಿತು.

ಅಮೇರಿಕದ ಫ್ಯಾನಿ ಆಸ್‌ಬರ್ನ್ ಎಂಬ ಸ್ತ್ರೀಯನ್ನು ಮದುವೆಯಾಗಬೇಕೆಂದು ಇವರು ನಿಶ್ಚಯಿಸಿದ್ದರು. 1879ರಲ್ಲಿ ಆಕೆಯಿಂದ ತಂತಿ ಬರಲು, ಅವರು ತಂದೆತಾಯಿಗಳಿಗೆ ತಿಳಿಸದೆ, ಸ್ವಲ್ಪ ಹಣವನ್ನು ಮಾತ್ರ ಹಿಡಿದುಕೊಂಡು ಹೊರಟರು. ಅದೇ ಆಗಸ್ಟ್ 7ರಲ್ಲಿ ಕ್ಲೈಡ್ ನದಿಯಿಂದ ನ್ಯೂಯಾರ್ಕಿಗೆ ಹೋಗುವ ಡಿವೋನಿಯ ಎಂಬ ಹೊಗೆಹಡಗನ್ನು ಹತ್ತಿದರು. ಐರ್ಲೆಂಡಿನ ಕರಾವಳಿಯಲ್ಲಿ ಇನ್ನೂ ಅನೇಕ ಬಡಜನರು ಅದನ್ನು ಹತ್ತಿದರು.

ಆ ಹಡಗಿನ ತಳದ ಅಂತಸ್ತಿನಲ್ಲಿ ಪ್ರಯಾಣ ಮಾಡುವವನು ಆರು ಗಿನಿ ಕೊಟ್ಟು, ಹಾಸಿಗೆಯನ್ನೂ ಊಟದ ಪಾತ್ರೆಗಳನ್ನೂ ತಾನೇ ತರಬೇಕಾಗಿತ್ತು. ಎಂಟು ಗಿನಿ ಕೊಟ್ಟವನಿಗೆ ಅವು ದೊರಕುವದಲ್ಲದೆ ಒಂದು ಮೇಜೂ ಇರುವದು. ಬಡವರ ಪ್ರಯಾಣದ ಕಷ್ಟವನ್ನು ಕಣ್ಣಾರೆ ಕಾಣಬೇಕೆಂಬ ಆಶೆ ಇವರಿಗಿದ್ದರೂ, ದಾರಿಯಲ್ಲಿ ಬರೆದು ಮುಗಿಸಬೇಕಾದ ಕೆಲಸವಿದ್ದದರಿಂದ ಆ ಮೇಜಿನ ನಿಮಿತ್ತ ಎಂಟು ಗಿನಿ ಕೊಟ್ಟರು. ಆದರೆ ಈ ಕೋಣೆಗಳು ಬಡವರ ಅಂತಸ್ತಿನ ನಡುವೆಯೇ ಇದ್ದವು. ತೆಳ್ಳಗಿನ ಹಲಗೆಯ ಆಚೆಯಿಂದ ರೋಗಿಗಳ ನರಳಾಟವೂ ಕೂಸುಗಳ ಅಳುವೂ ಹಗಲಿರುಳು ಕೇಳಿಸುತ್ತಿದ್ದವು. ಅವರಿಗೆ ಚಹವೋ ಕಾಫಿಯೋ ಬೇಕಾದದ್ದನ್ನು ಕುಡಿಯುವ ಹಕ್ಕಿತ್ತು. ಆದರೆ ಎರಡಕ್ಕೂ ರುಚಿಯಲ್ಲಿ ಹೆಚ್ಚು ಭೇದವಿರಲಿಲ್ಲ.

ದೇಶಾಂತರ ಹೋಗುವವರೆಂದರೆ ಹೊಸ ನಾಡನ್ನು ಗೆಲ್ಲಲು ಹೊರಟ ಧೀರರಾದ ಯುವಕರು ಎಂದು ಇವರು ಮೊದಲು ಎಣಿಸಿಕೊಂಡಿದ್ದರು. ಆದರೆ ಹಡಗಿನಲ್ಲಿ ಕಂಡವರು ಬೇರೆ ತರದವರು. ಹಿಂದಿನ ವರುಷವೇ ಗ್ಲಾಸ್ಗೋ ಪಟ್ಟಣದ ಒಂದು ದೊಡ್ಡ ಬ್ಯಾಂಕು ಮುರಿದುಬಿದ್ದಿತ್ತು. ವ್ಯಾಪಾರವು ಕುಗ್ಗಿ ಕಾರ್ಖಾನೆಗಳು ಮುಚ್ಚಿದ್ದವು. ಆ ಜನರಲ್ಲಿ ಬಹುಮಂದಿ ನಡುಪ್ರಾಯದ ಸಂಸಾರಿಗಳು. ಕೆಲಸ ತಪ್ಪಿದವರು ಕೆಲವರು, ಕುಡಿತದಿಂದ ಕೆಟ್ಟವರು ಕೆಲವರು. ಇವರು ಜಯಕ್ಕೆ ಹೊರಟವರಲ್ಲ, ಸೋತು ಓಡಿಹೋಗುವವರು ಎಂದು ಸ್ಟೀವನ್ಸನರು ಕಂಡುಕೊಂಡರು. ಆದರೂ ಆ ಜನರು ಪಿಟೀಲು ಬಾರಿಸಿ, ಹಾಡಿ, ಒಬ್ಬರನ್ನೊಬ್ಬರು ಸಂತೈಸಿಕೊಳ್ಳುತ್ತಿದ್ದರು.

ಹಳೆಯ ಬಟ್ಟೆ ಉಟ್ಟು ಅವರ ನಡುವೆ ಇದ್ದ ಸ್ಟೀವನ್ಸನರನ್ನು ಯಾರೂ ದೊಡ್ಡ ಮನೆತನದವರೆಂದು ತಿಳಿಯಲಿಲ್ಲ. ಅವರು ದಿನವೆಲ್ಲಾ ಬರೆಯುವದನ್ನು ಕಂಡ ಹಡಗಿನ ಲೆಕ್ಕದ ಅಧಿಕಾರಿಯು ಕನಿಕರಪಟ್ಟು, ಪ್ರಯಾಣಿಕರ ಪಟ್ಟಿಯನ್ನು ನಕಲು ಮಾಡಿಕೊಟ್ಟರೆ ಕೂಲಿ ಕೊಡುತ್ತೇನೆಂದನು. ಒಂದು ದಿನ ಮೇಲಿನ ಅಂತಸ್ತಿನ ಒಬ್ಬ ದೊರೆಯೂ ಇಬ್ಬರು ಕನ್ಯೆಯರೂ ಬಡವರನ್ನು ನೋಡುವದಕ್ಕೆ ಇಳಿದು ಬಂದು, ಬಟ್ಟೆಗೆ ಕೊಳೆ ತಾಗದ ಹಾಗೆ ಹೆಜ್ಜೆಯಿಡುತ್ತಾ ಮುಸಿಮುಸಿ ನಗುತ್ತಾ ದಾಟಿಹೋದರು. ಅವರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆದರೂ ಸ್ಟೀವನ್ಸನರು ನಾಚಿಕೆಯಿಂದಲೂ ಕೋಪದಿಂದಲೂ ಬೆಂದರು. ತಮ್ಮ ಸ್ವಂತ ವರ್ಗದವರ ನೋಟವು ಬಡವರಿಗೆ ಹೇಗೆ ತಾಗುವದೆಂದು ಅವರಿಗೆ ಆ ಹೊತ್ತು ತಿಳಿಯಿತು.

ಇನ್ನೊಂದು ರಾತ್ರಿ, ಮಂಜೂ ಮಳೆಯೂ ಇರುವಾಗ, ಮುದುಕನೊಬ್ಬನು ಹೊಟ್ಟೆಯ ಸೆಳೆತದಿಂದ ಹಡಗಿನ ಅಟ್ಟದ ಅಂಚಿನಲ್ಲಿ ಬಿದ್ದು ನರಳುತ್ತಿದ್ದನು. ಇಬ್ಬರು ಜತೆಗಾರರೊಡನೆ ತಿರುಗಾಡುತ್ತಿದ್ದ ಸ್ಟೀವನ್ಸನರು ಅವನನ್ನು ಕಂಡು ವೈದ್ಯನನ್ನು ಹುಡುಕಿದರು, ವೈದ್ಯನು ಸಿಕ್ಕಲಿಲ್ಲ. ಪಹರೆಯ ಅಧಿಕಾರಿಯು ತನ್ನ ಸ್ಥಳವನ್ನು ಬಿಡಲಾರದೆ, ಪರಿಚಾರಕನನ್ನು ಕಳುಹಿಸಬೇಕೆಂದನು. ಪರಿಚಾರಕನೋ ಇದು ತನ್ನ ಕೆಲಸವಲ್ಲವೆಂದು ಸುಮ್ಮನೆ ಕೂತನು. ಅಧಿಕಾರಿಯ ಅಪ್ಪಣೆಯೆಂದು ಕೇಳಿದ ಮೇಲೆಯೇ ಎದ್ದನು. ಹಣವಿಲ್ಲದವನ ನೋವಿಗೆ ಎಷ್ಟು ಬಾಗಲುಗಳನ್ನು ತಟ್ಟಬೇಕೆಂಬದನ್ನು ಇವರು ಹೀಗೆ ಕಲಿತರು.

ಅದೇ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕನ್ನು ಸೇರಿ, ವಲಸೆಗಾರರ ರೈಲಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗುವಷ್ಟರಲ್ಲಿ ಅವರ ಶರೀರವು ಸೋತಿತ್ತು. ಅಲ್ಲಿ ಮರಣದ ಅಂಚಿಗೆ ಹೋಗಿ ಬದುಕಿ, 1880ನೇ ಮೇ 19ರಲ್ಲಿ ಫ್ಯಾನಿಯನ್ನು ಮದುವೆಯಾದರು. ಮಗನ ದುರವಸ್ಥೆಯನ್ನು ಕೇಳಿದ ತಂದೆಯು ಮನಕರಗಿ, ವರುಷಕ್ಕೆ 250 ಪೌಂಡು ಕೊಡುವೆನೆಂದು ತಂತಿ ಕಳುಹಿಸಿದರು. ಆದರೆ ಮಗನು ಬರೆದ ಪ್ರಯಾಣದ ಪುಸ್ತಕವನ್ನು ಓದಿದಾಗ ಅದು ಮಗನ ಯೋಗ್ಯತೆಗೆ ತಕ್ಕದ್ದಲ್ಲವೆಂದು ತೋರಿದ್ದರಿಂದ, ಪ್ರಕಾಶಕರಿಗೆ ಹಣ ಕೊಟ್ಟು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಪ್ರೀತಿಯಿಂದಲೇ ಹಾಗೆ ಮಾಡಿದರು. ಆದರೂ ಆ ಬಡವರ ವೃತ್ತಾಂತವು ಅವರ ಸಂಗಡ ಮೌನವಾಯಿತು. ಹಡಗಿನ ಭಾಗವು ಕೆಲವು ಮಾತುಗಳನ್ನು ಕಳೆದುಕೊಂಡು 1895ರಲ್ಲಿ ಅಚ್ಚಾಯಿತು. ಬರೆದದ್ದೆಲ್ಲವೂ ಬೆಳಕಿಗೆ ಬಂದದ್ದು 1966ರಲ್ಲಿ.

ಸ್ಟೀವನ್ಸನರು ತಮ್ಮ ಕಡೆಯ ವರುಷಗಳನ್ನು ಶಾಂತಸಾಗರದ ಸಮೋವ ದ್ವೀಪದಲ್ಲಿ ಕಳೆದರು. ಅಲ್ಲಿ ಮನೆಯವರನ್ನೂ ಆಳುಗಳನ್ನೂ ಕೂಡಿಸಿ ಪ್ರಾರ್ಥನೆ ಮಾಡುತ್ತಿದ್ದರು. ದ್ವೀಪದ ಮುಖಂಡರು ಸೆರೆಯಲ್ಲಿದ್ದಾಗ ಅವರನ್ನು ನೋಡಲು ಹೋಗಿ ಸಹಾಯ ಮಾಡಿದರು. ಬಿಡುಗಡೆಯಾದ ಮುಖಂಡರು 1894ರಲ್ಲಿ ತಾವಾಗಿ ಬಂದು, ಕೂಲಿಯಿಲ್ಲದೆ ಅವರ ಮನೆಗೆ ಒಂದು ದಾರಿಯನ್ನು ಮಾಡಿಕೊಟ್ಟರು. ಅದೇ ವರುಷ ಡಿಸೆಂಬರ್ 3ರಲ್ಲಿ ಅವರು ತಮ್ಮ 44ನೇ ಪ್ರಾಯದಲ್ಲಿ ತೀರಿಹೋದರು. ಆ ಜನರೇ ಕಾಡು ಕಡಿದು ದಾರಿಮಾಡಿ ಅವರನ್ನು ಬೆಟ್ಟದ ತುದಿಯಲ್ಲಿ ಹೂಣಿಟ್ಟರು.

ಪ್ರಿಯ ವಾಚಕರೇ, ಬಡವರನ್ನು ಮೇಲಿನಿಂದ ಇಳಿದು ಬಂದು ನೋಡಿಹೋಗುವದು ಒಂದು, ಅವರ ಪಕ್ಕದ ಹಲಗೆಯ ಮೇಲೆ ಮಲಗಿ ತಿಳಿಯುವದು ಇನ್ನೊಂದು. ನಮ್ಮ ಸಭೆಗಳಲ್ಲಿಯೂ ಕಷ್ಟದಲ್ಲಿರುವವರ ಮನೆಗೆ ನಾವು ಹೋಗುವಾಗ ಯಾವ ರೀತಿಯಿಂದ ಹೋಗುತ್ತೇವೆಂಬದನ್ನು ಯೋಚಿಸೋಣ.