ಹೊರಗೆ ಗಾಯವಿಲ್ಲದಿದ್ದರೆ ಒಳಗೂ ಇಲ್ಲವೇ? ಆಂಬ್ರೋಸ್ ಪಾರೆ ಕಂಡ ಸತ್ಯ

ಸಕಲೇಶಪುರ, ಆಲೂರು ಕಡೆಯ ಹೆದ್ದಾರಿಯಲ್ಲಿ ವಾಹನ ತಾಗಿದ ನಾಯಿ ತಾನೇ ಎದ್ದು ತೋಟದ ಮನೆಗೆ ಬಂದರೆ, ರಕ್ತ ಬಂದಿಲ್ಲವಲ್ಲ, ಏನೂ ಆಗಿಲ್ಲ ಎಂದು ನಾವು ಸುಮ್ಮನಾಗಿಬಿಡುತ್ತೇವೆ. ಈ ನಂಬಿಕೆ ತಪ್ಪು ಎಂಬುದಕ್ಕೆ ನಾಲ್ಕು ಶತಮಾನಗಳ ಹಿಂದೆಯೇ ಪುರಾವೆ ಬರೆದಿಟ್ಟವರು ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಸ್ ಪಾರೆ.

ಪಾರೆ ಹುಟ್ಟಿದ್ದು 1510ರ ಸುಮಾರಿಗೆ, ಲವಾಲ್ ಪಟ್ಟಣದ ಬಳಿ. ಕ್ಷೌರ ಮಾಡುವವರೇ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದ ಕಾಲವದು. ಪಾರೆಯೂ ಹಾಗೆಯೇ ಕಲಿತು, ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಪಳಗಿ, ಸೈನ್ಯದ ಜೊತೆ ಹೊರಟರು. ಗುಂಡೇಟಿನಲ್ಲಿ ವಿಷವಿರುತ್ತದೆ ಎಂದು ನಂಬಿ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯುತ್ತಿದ್ದರು. 1537ರ ಯುದ್ಧದಲ್ಲಿ ಎಣ್ಣೆ ಮುಗಿದುಹೋಯಿತು. ಪಾರೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದರು. ಮರುದಿನ ನೋಡಿದರೆ, ಎಣ್ಣೆ ಸುರಿಸಿಕೊಂಡವರು ಜ್ವರ, ನೋವಿನಿಂದ ನರಳುತ್ತಿದ್ದರು, ಉಳಿದವರು ನೆಮ್ಮದಿಯಾಗಿದ್ದರು. ಅಂದಿನಿಂದ ಅವರು ಎಣ್ಣೆ ಸುರಿಯುವುದನ್ನೇ ಬಿಟ್ಟರು. ಮುಂದೆ ನಾಲ್ವರು ರಾಜರಿಗೆ ಶಸ್ತ್ರವೈದ್ಯರಾದರು.

ನಮ್ಮ ವಿಷಯಕ್ಕೆ ಬೇಕಾದದ್ದು 1579ರಲ್ಲಿ ಅವರು ದಾಖಲಿಸಿದ ಪ್ರಕರಣ. ಗುಂಡೇಟು ತಿಂದ ಸೇನಾಧಿಕಾರಿಯೊಬ್ಬ ಬದುಕುಳಿದ. ಆದರೆ ಎಂಟು ತಿಂಗಳ ನಂತರ ಹೊಟ್ಟೆನೋವಿನಿಂದ ಸತ್ತ. ದೇಹ ತೆರೆದು ನೋಡಿದಾಗ ವಪೆಯಲ್ಲಿ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯಲ್ಲಿ, ಕಿರುಬೆರಳ ತುದಿ ಹಿಡಿಸುವಷ್ಟು ತೂತು. ಅದರ ಮೂಲಕ ದೊಡ್ಡ ಕರುಳು ಎದೆಯೊಳಗೆ ನುಗ್ಗಿತ್ತು. ಪಾರೆ 1590ರಲ್ಲಿ ತೀರಿಕೊಂಡರು.

ನಾಯಿ, ಬೆಕ್ಕುಗಳಲ್ಲೂ ಆಗುವುದು ಇದೇ. ಇದಕ್ಕೆ ವಪೆಯ ಹರ್ನಿಯಾ ಎನ್ನುತ್ತಾರೆ. ವಾಹನ ಹೊಡೆದಾಗ ಹೊಟ್ಟೆಯೊಳಗೆ ಒತ್ತಡ ಏರಿ ವಪೆ ಹರಿಯುತ್ತದೆ. ಯಕೃತ್ತು, ಕರುಳು, ಜಠರ ಎದೆಗೆ ಸರಿದು ಶ್ವಾಸಕೋಶವನ್ನು ಒತ್ತುತ್ತವೆ. ಚರ್ಮದ ಮೇಲೆ ಗೀರೂ ಇಲ್ಲದಿರಬಹುದು. ಕೆಲವಕ್ಕೆ ವಾರ, ತಿಂಗಳುಗಳ ನಂತರ ತೊಂದರೆ ಕಾಣುತ್ತದೆ.

ಉಸಿರಾಟ ಜೋರಾದರೆ, ಕತ್ತು ಚಾಚಿ ಕೂತರೆ, ಮಲಗಲು ಒಪ್ಪದಿದ್ದರೆ, ವಸಡು ಬಿಳಿಚಿದರೆ ಕಾಯಬೇಡಿ. ಹಿಂಗಾಲು ಹಿಡಿದು ಎತ್ತಬೇಡಿ, ಹೊಟ್ಟೆ ತಿಕ್ಕಬೇಡಿ, ಬಾಯಿಗೆ ನೀರು ಸುರಿಯಬೇಡಿ. ಮನುಷ್ಯರ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಎದೆಯ ಭಾಗ ಸ್ವಲ್ಪ ಮೇಲಿರುವಂತೆ ಹಲಗೆಯ ಮೇಲೆ ಮಲಗಿಸಿ ಪಶುವೈದ್ಯರ ಬಳಿ ಒಯ್ಯಿರಿ. ಎಕ್ಸ್-ರೇ ಅಥವಾ ಸ್ಕ್ಯಾನಿಂಗ್‌ನಲ್ಲಿ ಇದು ಗೊತ್ತಾಗುತ್ತದೆ. ಉಸಿರಾಟ ಹತೋಟಿಗೆ ತಂದು, ಆಪರೇಷನ್ ಮಾಡಿ ವಪೆ ಹೊಲಿಯುತ್ತಾರೆ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ.

ಪಾರೆಯ ಕಾಲದಲ್ಲಿ ಸತ್ತ ಮೇಲಷ್ಟೇ ಕಾಣುತ್ತಿದ್ದ ತೂತು ಇಂದು ಬದುಕಿರುವಾಗಲೇ ಕಾಣುತ್ತದೆ. ನಾವು ಕರೆದುಕೊಂಡು ಹೋಗಬೇಕಷ್ಟೆ.