ಶಸ್ತ್ರ ಹಿಡಿಯುವ ಮುನ್ನ ಪ್ರಾರ್ಥನೆ: ವೆಲ್ಲೂರಿನ ಡಾ. ಐಡಾ ಸ್ಕಡರ್

ನಮ್ಮ ಗಡಿಭಾಗದ ಊರುಗಳಲ್ಲಿ ಯಾರನ್ನಾದರೂ ವೆಲ್ಲೂರಿಗೆ ಕರೆದುಕೊಂಡು ಹೋಗಿದ್ದಾರೆ ಎಂದರೆ ಸಾಕು, ಕಾಯಿಲೆ ದೊಡ್ಡದು ಎಂದು ಕೇಳಿದವರಿಗೆ ಅರ್ಥವಾಗುತ್ತದೆ. ಹೊಸೂರಿನಿಂದ ಕೃಷ್ಣಗಿರಿ, ವಾಣಿಯಂಬಾಡಿ, ಆಂಬೂರು ದಾಟಿ ಹೋಗುವ ಆ ದಾರಿಯಲ್ಲಿ ಎಷ್ಟೋ ಕುಟುಂಬಗಳು ಭಯವನ್ನು ಹೊತ್ತು ಹೋಗಿವೆ, ಧೈರ್ಯವನ್ನು ಹೊತ್ತು ಮರಳಿವೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಾಗಿ ಪ್ರಾರ್ಥಿಸುವ ರೂಢಿ ಇಂದಿಗೂ ಇದೆ. ಆ ರೂಢಿಯ ಮೂಲವನ್ನು ಹುಡುಕಿದರೆ ನಾವು ತಲುಪುವುದು ಒಬ್ಬ ಹೆಣ್ಣುಮಗಳ ಬಳಿಗೆ. ಅವರೇ ಡಾ. ಐಡಾ ಸೋಫಿಯಾ ಸ್ಕಡರ್.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿಗೆ ಹತ್ತಿರದ ರಾಣಿಪೇಟೆಯಲ್ಲಿ. ಅಜ್ಜ ಜಾನ್ ಸ್ಕಡರ್ 1819ರಲ್ಲಿಯೇ ಅಮೆರಿಕದಿಂದ ಸಿಲೋನಿಗೆ ಹೊರಟುಬಂದ ವೈದ್ಯ ಮಿಷನರಿ. ಮುಂದೆ ಅವರು ಮದರಾಸು ಪ್ರಾಂತ್ಯದಲ್ಲಿ ನೆಲೆಸಿದರು. ತಂದೆಯೂ ವೈದ್ಯರು, ಅವರ ಹೆಸರೂ ಜಾನ್. ಆ ಮನೆತನದ ಹತ್ತಾರು ಮಂದಿ ದಕ್ಷಿಣ ಭಾರತದಲ್ಲಿ ಮಿಷನ್ ಕೆಲಸಕ್ಕೆ ಬದುಕನ್ನು ಕೊಟ್ಟವರು. ಆದರೆ ಬಾಲಕಿ ಐಡಾಳಿಗೆ ಈ ದಾರಿ ಬೇಡವಾಗಿತ್ತು. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ಹಸಿದು ಕಂಗಾಲಾದ ಮಕ್ಕಳನ್ನು ಆಕೆ ಕಣ್ಣಾರೆ ಕಂಡಿದ್ದಳು. ಆ ದೃಶ್ಯಗಳು ಅವಳನ್ನು ಭಾರತದಿಂದ ದೂರ ಓಡುವಂತೆ ಮಾಡಿದವೇ ಹೊರತು ಹತ್ತಿರ ಸೆಳೆಯಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್‌ಫೀಲ್ಡ್ ಶಾಲೆಯಲ್ಲಿ ಓದಿ, ಅಲ್ಲಿಯೇ ನೆಮ್ಮದಿಯಾಗಿ ಬಾಳಬೇಕೆಂಬುದು ಆಕೆಯ ಆಸೆ.

1890ರಲ್ಲಿ ತಾಯಿಗೆ ಕಾಯಿಲೆ ಎಂಬ ಸುದ್ದಿ ಬಂದಾಗ ಐಡಾ ತಿಂಡಿವನಕ್ಕೆ ಬಂದರು. ತಾಯಿ ಚೇತರಿಸಿಕೊಂಡೊಡನೆ ಹಿಂತಿರುಗುವುದು ಅವರ ಲೆಕ್ಕಾಚಾರ. ಆ ಲೆಕ್ಕಾಚಾರವೆಲ್ಲ ಒಂದೇ ರಾತ್ರಿಯಲ್ಲಿ ತಲೆಕೆಳಗಾಯಿತು.

ಮೊದಲು ಬಾಗಿಲು ತಟ್ಟಿದವರು ಒಬ್ಬ ಬ್ರಾಹ್ಮಣ ತರುಣ. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಬಂದು ನೋಡಬೇಕು ಎಂದು ಬೇಡಿಕೊಂಡರು. ತಾನು ವೈದ್ಯಳಲ್ಲ, ತಂದೆ ವೈದ್ಯರು, ಅವರನ್ನು ಕಳುಹಿಸುತ್ತೇನೆ ಎಂದು ಐಡಾ ಹೇಳಿದರು. ಪರಪುರುಷನೊಬ್ಬ ಹೆಣ್ಣಿನ ಕೋಣೆಗೆ ಬರುವುದು ಆ ಮನೆತನದ ಮಡಿಗೆ ಒಗ್ಗದ ಮಾತು. ಆತ ನಿರಾಶೆಯಿಂದ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಒಬ್ಬ ಮುಸ್ಲಿಂ ಗೃಹಸ್ಥರು ಬಂದರು, ಅದೇ ಬೇಡಿಕೆ, ಅದೇ ಉತ್ತರ. ನಂತರ ಇನ್ನೊಬ್ಬ ಮೇಲ್ಜಾತಿಯ ಹಿಂದೂ ಬಂದು ಹಾಗೆಯೇ ಮರಳಿದರು. ಐಡಾಗೆ ನಿದ್ದೆ ಬರಲಿಲ್ಲ. ಆ ರಾತ್ರಿಯೆಲ್ಲ ದೇವರೊಂದಿಗೆ ಹೋರಾಡಿದಂತೆ ಪ್ರಾರ್ಥಿಸಿದರು. ತನ್ನ ಆಸೆಗಳನ್ನು ಬಿಡಲು ಮನಸ್ಸಿಲ್ಲ, ಆ ಮೂವರು ಹೆಂಗಸರನ್ನು ಮರೆಯಲೂ ಆಗುತ್ತಿಲ್ಲ. ಬೆಳಗಾಗುವಾಗ ಊರಿನಲ್ಲಿ ಸಾವಿನ ತಮಟೆಯ ಸದ್ದು ಕೇಳಿಸಿತು. ಆಳನ್ನು ಕಳುಹಿಸಿ ವಿಚಾರಿಸಿದರೆ ಮೂವರೂ ತೀರಿಕೊಂಡಿದ್ದರು.

ದೇವರ ಇಚ್ಛೆ, ಏನು ಮಾಡಲಾಗುತ್ತದೆ ಎಂದು ಕಣ್ಣೊರೆಸಿಕೊಂಡು ಸುಮ್ಮನಾಗುವುದು ಸುಲಭವಿತ್ತು. ಐಡಾ ಹಾಗೆ ಮಾಡಲಿಲ್ಲ. ಆ ಸಾವುಗಳು ದೇವರ ಇಚ್ಛೆಯಲ್ಲ, ಅವನ್ನು ತಡೆಯಲು ತಾನು ಕಲಿಯಬೇಕೆಂಬುದೇ ದೇವರ ಇಚ್ಛೆ ಎಂದು ಅವರು ತಿಳಿದರು. ಅವರ ಜೀವನದ ಎಲ್ಲ ಪ್ರಾರ್ಥನೆಗಳ ತಿರುಳು ಇಲ್ಲಿಯೇ ಇದೆ ಎಂದರೆ ತಪ್ಪಾಗಲಾರದು.

ಅಮೆರಿಕಕ್ಕೆ ಮರಳಿದ ಐಡಾ 1895ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರು. ಕಾರ್ನೆಲ್ ವೈದ್ಯಕೀಯ ಕಾಲೇಜು ಮಹಿಳೆಯರಿಗೆ ಬಾಗಿಲು ತೆರೆದಾಗ ಕೊನೆಯ ವರ್ಷಕ್ಕೆ ಅಲ್ಲಿಗೆ ಹೋಗಿ 1899ರಲ್ಲಿ ಪದವಿ ಪಡೆದರು. ಹೊರಡುವ ಮುನ್ನ ನ್ಯೂಯಾರ್ಕಿನ ಬ್ಯಾಂಕರ್ ರಾಬರ್ಟ್ ಶೆಲ್ ಎಂಬುವರು ತಮ್ಮ ದಿವಂಗತ ಪತ್ನಿ ಮೇರಿ ಟೇಬರ್ ಶೆಲ್ ಅವರ ನೆನಪಿಗೆ ಆಸ್ಪತ್ರೆ ಕಟ್ಟಲು 10,000 ಡಾಲರ್ ಕೊಟ್ಟರು. ಗೆಳತಿ ಆನಿ ಹ್ಯಾನ್‌ಕಾಕ್ ಅವರೊಂದಿಗೆ ಐಡಾ ಭಾರತಕ್ಕೆ ಬಂದಿಳಿದದ್ದು 1900ರ ಹೊಸ ವರ್ಷದ ಹೊತ್ತಿಗೆ.

ಅನುಭವಿ ತಂದೆಯ ಕೈಕೆಳಗೆ ಪಳಗಬೇಕು ಎಂದುಕೊಂಡು ಬಂದವರಿಗೆ ದೊಡ್ಡ ಆಘಾತವೇ ಕಾದಿತ್ತು. ಕೆಲವೇ ತಿಂಗಳಲ್ಲಿ, ಅದೇ 1900ರ ಮೇ ತಿಂಗಳಲ್ಲಿ, ತಂದೆ ಕ್ಯಾನ್ಸರಿನಿಂದ ತೀರಿಕೊಂಡರು. ಕೈಯಲ್ಲಿ ಪದವಿ ಇತ್ತು, ಅನುಭವ ಇರಲಿಲ್ಲ. ಹಿರಿಯ ದೊರೆ ವೈದ್ಯರನ್ನು ನಂಬಿದ್ದ ಜನ ಈ ಎಳೆಯ ಹೆಣ್ಣನ್ನು ನಂಬಲು ಹಿಂಜರಿದರು. ಬಂಗಲೆಯ ಒಂದು ಪುಟ್ಟ ಕೋಣೆಯೇ ಅವರ ದವಾಖಾನೆ. ಮೊದಲ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದಾಗ ತರಬೇತಾದ ನರ್ಸ್ ಇರಲಿಲ್ಲ, ಇನ್ನೊಬ್ಬ ಡಾಕ್ಟರ್ ಇರಲಿಲ್ಲ. ನೆರವಿಗೆ ನಿಂತವಳು ಮನೆಯ ಬಟ್ಲರನ ಹೆಂಡತಿ.

ಆ ದಿನಗಳಲ್ಲಿ ಆಪರೇಷನ್ ಎಂದರೆ ಈಗಿನಂತಲ್ಲ. ಆಂಟಿಬಯೋಟಿಕ್ ಔಷಧಗಳು ಬರಲು ಇನ್ನೂ ದಶಕಗಳಿದ್ದವು. ಗಾಯ ಕೀವಾದರೆ ರೋಗಿಯ ಕಥೆ ಮುಗಿಯಿತು ಎಂದೇ ಲೆಕ್ಕ. ರಕ್ತದ ಗುಂಪುಗಳ ವಿಚಾರವೇ ಜಗತ್ತಿಗೆ ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ಮೇಜಿನ ಮೇಲೆ ಮಲಗಿದ ಹೆಂಗಸಿಗೂ ಭಯ, ಶಸ್ತ್ರ ಹಿಡಿದ ವೈದ್ಯೆಗೂ ಭಯ. ಆಪರೇಷನ್ನಿಗೆ ಮುನ್ನ ಪ್ರಾರ್ಥಿಸುವುದನ್ನು ಐಡಾ ರೂಢಿ ಮಾಡಿಕೊಂಡದ್ದು ಇಂಥ ಕಾಲದಲ್ಲಿ. ಅದು ಪವಾಡದ ಬೇಡಿಕೆಯಲ್ಲ. ಕೈ ತೊಳೆಯುವುದು, ಉಪಕರಣ ಕುದಿಸುವುದು, ಪುಸ್ತಕ ತಿರುವಿ ಮತ್ತೊಮ್ಮೆ ಓದುವುದು, ಇವುಗಳಲ್ಲಿ ಒಂದನ್ನೂ ಬಿಡದೆ, ಮಿಕ್ಕಿದ್ದನ್ನು ದೇವರ ಕೈಗೆ ಒಪ್ಪಿಸುವುದು. ರೋಗಿ ಯಾವ ಮತದವರೇ ಆಗಿರಲಿ, ತನಗಾಗಿ ವೈದ್ಯೆ ತಲೆಬಾಗಿ ಕಣ್ಮುಚ್ಚಿದ್ದನ್ನು ನೋಡಿದಾಗ ತಾನು ಒಂಟಿಯಲ್ಲ ಎಂಬ ಧೈರ್ಯ ಬರುವುದು ಸಹಜ.

ಎರಡು ವರ್ಷಗಳಲ್ಲಿ ಸುಮಾರು 5,000 ರೋಗಿಗಳನ್ನು ನೋಡಿದರು. 1902ರಲ್ಲಿ 40 ಹಾಸಿಗೆಗಳ ಶೆಲ್ ಆಸ್ಪತ್ರೆ ತೆರೆಯಿತು. ಆಸ್ಪತ್ರೆಗೆ ಬರಲಾಗದವರಿಗಾಗಿ ಐಡಾ ತಾವೇ ಹಳ್ಳಿಗಳಿಗೆ ಹೊರಟರು. ಗುಡಿಯಾತ್ತಂ ರಸ್ತೆಯುದ್ದಕ್ಕೂ ಮರದ ನೆರಳಿನಲ್ಲಿ ನಿಂತು ಔಷಧ ಕೊಡುವ ದವಾಖಾನೆ ಹೀಗೆ ಶುರುವಾಯಿತು. ಮೊದಲು ಎತ್ತಿನ ಗಾಡಿ, ಆಮೇಲೆ ಮೋಟಾರು. 1909ರಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು.

ಒಬ್ಬಳೇ ಎಷ್ಟು ಜನರನ್ನು ಉಳಿಸಬಲ್ಲೆ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಭಾರತದ ಹೆಣ್ಣುಮಕ್ಕಳೇ ಡಾಕ್ಟರಾಗಬೇಕು ಎಂದು ಅವರು ಪಟ್ಟು ಹಿಡಿದರು. ಅರ್ಜಿ ಹಾಕುವವರು ಮೂವರೂ ಸಿಗಲಾರರು ಎಂಬಂತೆ ಮಾತನಾಡಿದ ಅಧಿಕಾರಿಗಳಿದ್ದರು. ಆದರೆ 1918ರ ಆಗಸ್ಟಿನಲ್ಲಿ ಮಹಿಳೆಯರ ವೈದ್ಯಕೀಯ ಶಾಲೆ ಆರಂಭವಾಗುವಾಗ ಬಂದ ಅರ್ಜಿಗಳು ನೂರಕ್ಕೂ ಮಿಕ್ಕಿದ್ದವು. 1922ರಲ್ಲಿ ಮೊದಲ ತಂಡದ 14 ಮಂದಿ ಎಲ್‌ಎಂಪಿ ಡಿಪ್ಲೊಮಾ ಪಡೆದು ಹೊರಬಂದರು. ಮೂರು ಹೆಂಗಸರ ಸಾವಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಪರೀಕ್ಷೆಗಳು ಅಲ್ಲಿಗೆ ಮುಗಿಯಲಿಲ್ಲ. 1930ರ ದಶಕದ ಕೊನೆಗೆ ಮದರಾಸು ಸರ್ಕಾರ ಡಿಪ್ಲೊಮಾ ಸಾಲದು, ವಿಶ್ವವಿದ್ಯಾಲಯದ ಪದವಿಯೇ ಬೇಕು ಎಂದಿತು. ಪ್ರಾಧ್ಯಾಪಕರು ಬೇಕು, ಕಟ್ಟಡ ಬೇಕು, ಅಪಾರ ಹಣ ಬೇಕು. ಹೊರಗೆ ಮಹಾಯುದ್ಧ ನಡೆಯುತ್ತಿತ್ತು. ಎಪ್ಪತ್ತು ದಾಟಿದ ಐಡಾ ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ ಹಣ ಕೂಡಿಸಿದರು. ಗಂಡಸರನ್ನೂ ವಿದ್ಯಾರ್ಥಿಗಳಾಗಿ ಸೇರಿಸಿಕೊಂಡರೆ ಇತರ ಮಿಷನ್‌ಗಳ ನೆರವು ಸಿಗುತ್ತದೆ ಎಂಬ ಸಲಹೆ ಬಂದಾಗ, ಹಳೆಯ ಆಪ್ತೆಯೂ ಸಂಸ್ಥೆಯ ದೊಡ್ಡ ಆಸರೆಯೂ ಆಗಿದ್ದ ಲೂಸಿ ಪೀಬಾಡಿ ಬಲವಾಗಿ ವಿರೋಧಿಸಿದರು. ಹೆಣ್ಣುಮಕ್ಕಳಿಗೆಂದೇ ಕಟ್ಟಿದ ಸಂಸ್ಥೆ ಅದು, ನೋವು ಐಡಾಗೂ ಇತ್ತು. ಕೊನೆಗೆ ಅವರು ಒಪ್ಪಿದರು. ತನ್ನ ಕನಸಿಗಿಂತ ರೋಗಿಗಳ ಪಾಡು ದೊಡ್ಡದು ಎಂಬ ತೀರ್ಮಾನ ಅದು. 1942ರಲ್ಲಿ ಎಂಬಿಬಿಎಸ್ ಕೋರ್ಸ್ ಬಂತು, 1947ರಲ್ಲಿ ಗಂಡುಮಕ್ಕಳೂ ಸೇರಿದರು.

1946ರಲ್ಲಿ ಐಡಾ ನಿವೃತ್ತರಾದರು. ಮುಂದೆ ವಿಶಾಖಪಟ್ಟಣದ ಡಾ. ಹಿಲ್ಡಾ ಲಾಜರಸ್ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕಿಯಾದರು. ಮದುವೆಯಾಗದೆ ಉಳಿದ ಐಡಾ ಕೊನೆಯ ವರ್ಷಗಳನ್ನು ಕೊಡೈಕೆನಾಲಿನ ಮನೆಯಲ್ಲಿ ಕಳೆದು, 1960ರ ಮೇ 24ರಂದು 89ನೇ ವಯಸ್ಸಿನಲ್ಲಿ ಕಣ್ಮುಚ್ಚಿದರು. ಮರುವರ್ಷವೇ, 1961ರಲ್ಲಿ, ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ವೆಲ್ಲೂರು ದೇಶಕ್ಕೇ ದಾರಿ ತೋರಿತು.

ನಾಳೆ ಆಪರೇಷನ್ ಎನ್ನುವ ರಾತ್ರಿ ದೊಡ್ಡದು. ಹಾಸಿಗೆಯಲ್ಲಿ ಮಲಗಿದವರಿಗೂ, ವರಾಂಡದಲ್ಲಿ ಟವೆಲ್ ಹಾಸಿ ಕುಳಿತವರಿಗೂ ನಿದ್ದೆ ಬಾರದು. ಅಂಥವರಿಗೆ ಐಡಾ ಅವರ ಬದುಕು ಹೇಳುವುದು ಇಷ್ಟೆ. ಪ್ರಾರ್ಥಿಸಿದ ಮಾತ್ರಕ್ಕೆ ಕೇಳಿದ್ದೆಲ್ಲ ಸಿಗುವುದಿಲ್ಲ. ತಿಂಡಿವನದ ಆ ರಾತ್ರಿಯ ಪ್ರಾರ್ಥನೆಯಿಂದ ಮೂವರೂ ಉಳಿಯಲಿಲ್ಲ. ಆದರೆ ಪ್ರಾರ್ಥಿಸಿದವಳು ಬದಲಾದಳು, ಅವಳಿಂದ ಮುಂದೆ ಲೆಕ್ಕವಿಲ್ಲದಷ್ಟು ಜನ ಉಳಿದರು. ದೇವರನ್ನು ನಂಬುವುದೂ ವೈದ್ಯರನ್ನು ನಂಬುವುದೂ ಒಂದಕ್ಕೊಂದು ವಿರೋಧವಲ್ಲ ಎಂಬುದನ್ನು ಅವರು ಮಾತಿನಲ್ಲಲ್ಲ, ಅರವತ್ತು ವರ್ಷಗಳ ಬಾಳಿನಲ್ಲಿ ತೋರಿಸಿದರು.