ನೆಲೆ ನಿಂತ ಜಂಗಮ: ಅಥಣಿಯ ಶ್ರೀ ಮುರುಘೇಂದ್ರ ಶಿವಯೋಗಿಗಳು

ಕೃಷ್ಣೆಯ ತೀರದಲ್ಲಿ, ಅಥಣಿ ತಾಲೂಕಿನ ನದಿ ಇಂಗಳಗಾಂವ ಎಂಬ ಗ್ರಾಮವುಂಟು. 1836ರಲ್ಲಿ ಅಲ್ಲಿಯ ಜಂಗಮ ಮನೆತನವೊಂದರಲ್ಲಿ ಉದಿಸಿದ ಚೇತನವೇ ಮುಂದೆ ನಾಡಿಗೆಲ್ಲ ಅಥಣಿ ಶಿವಯೋಗಿಗಳೆಂದು ಪೂಜ್ಯರಾದ ಶ್ರೀ ಮುರುಘೇಂದ್ರ ಮಹಾಸ್ವಾಮಿಗಳು.

ಎಳವೆಯಲ್ಲಿಯೇ ಅವರು ಹುಟ್ಟೂರನ್ನು ತೊರೆದು ಅಥಣಿಯ ಗಚ್ಚಿನ ಮಠದ ಮಗುವಾದರು. ತಾರುಣ್ಯದಲ್ಲಿ ಆ ಮಠವನ್ನೂ ಬಿಟ್ಟು, ವಿದ್ಯೆಗಾಗಿ, ಅನುಭಾವಕ್ಕಾಗಿ, ಕ್ಷೇತ್ರದರ್ಶನಕ್ಕಾಗಿ ಊರಿಂದೂರಿಗೆ ನಡೆದರು. ಜಂಗಮವೆಂದರೆ ಚಲಿಸುವುದು, ಆ ಧರ್ಮವನ್ನು ಅವರು ಕಾಲ್ನಡೆಯಿಂದಲೇ ಪಾಲಿಸಿದರು. ಆದರೆ ಹೊರಟವರು ಹಿಂದಿರುಗಿದರು. ಅಥಣಿಗೆ ಮರಳಿದ ಮೇಲೆ ಅದನ್ನೇ ತಮ್ಮ ತಪೋಭೂಮಿಯನ್ನಾಗಿ ಮಾಡಿಕೊಂಡರು. ಮಠದ ಅಧಿಕಾರವು ತಾನಾಗಿ ಅರಸಿ ಬಂದರೂ ಅದನ್ನು ಒಲ್ಲದೆ, ಲಿಂಗಪೂಜೆ, ದಾಸೋಹಗಳಲ್ಲಿಯೇ ತೃಪ್ತರಾದರು.

ಆ ಕಾಲ ಊರು ಬಿಡುವವರ ಕಾಲವಾಗಿತ್ತು. 1876-78ರ ಘೋರ ಕ್ಷಾಮದಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಅಸಂಖ್ಯ ಕುಟುಂಬಗಳು ಅನ್ನವನ್ನರಸಿ ಗುಳೆ ಹೋದವು. 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ಈ ಸೀಮೆಗೂ ಹಬ್ಬಿದಾಗ ಜನರು ಮನೆಗಳಿಗೆ ಬೀಗ ಹಾಕಿ ಹೊಲಗಳ ಗುಡಿಸಲು ಸೇರಿದರು. ರಾಯಬಾಗ, ಕುಡಚಿ, ಶೇಡಬಾಳಗಳ ಮೇಲೆ ಹಾಯ್ದ ರೈಲು ಮಾರ್ಗವು ಪುಣೆ, ಮುಂಬಯಿಗಳನ್ನು ಹತ್ತಿರಕ್ಕೆ ತಂದಿತು. ಚಿಕ್ಕೋಡಿ, ನಿಪ್ಪಾಣಿಗಳ ಜನರಿಗೆ ಕೊಲ್ಹಾಪುರದ ದಾರಿ ಮೊದಲಿನಿಂದಲೂ ತೆರೆದೇ ಇತ್ತು. ಹೀಗೆ ನೆಲೆ ತಪ್ಪಿದ ಜನಕ್ಕೆ ನೆಲೆಯಾಗಿ ನಿಂತ ಒಂದು ಸ್ಥಾನ ಬೇಕಿತ್ತು. ಹೋದವರು ಹಬ್ಬಕ್ಕೊಮ್ಮೆ, ಹರಕೆಗೊಮ್ಮೆ ಮರಳಿದಾಗ ಗಚ್ಚಿನ ಮಠದ ಬಾಗಿಲು ತೆರೆದಿರುತ್ತಿತ್ತು. ಶಿವಯೋಗಿಗಳ ಸನ್ನಿಧಿ ಅಲ್ಲಿರುತ್ತಿತ್ತು.

ಅವರು ಕೀರ್ತಿಯನ್ನರಸಿ ನಗರಗಳಿಗೆ ತೆರಳಲಿಲ್ಲ. ಆದರೂ ಲೋಕಮಾನ್ಯ ಬಾಳ ಗಂಗಾಧರ ಟಿಳಕರಂಥ ರಾಷ್ಟ್ರಪುರುಷರು ಅಥಣಿಯವರೆಗೆ ಬಂದು ಅವರ ದರ್ಶನ ಪಡೆದರು. ನಿಂತ ನೆಲದಲ್ಲಿಯೇ ತಪಸ್ಸು ಪಕ್ವವಾದರೆ ಲೋಕವೇ ಅಲ್ಲಿಗೆ ನಡೆದು ಬರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1921ರಲ್ಲಿ ಶ್ರೀಗಳು ಅಥಣಿಯಲ್ಲಿಯೇ ಲಿಂಗೈಕ್ಯರಾದರು. ಅವರ ಗದ್ದುಗೆ ಇಂದಿಗೂ ಗಚ್ಚಿನ ಮಠದಲ್ಲಿ ಭಕ್ತರ ಶ್ರದ್ಧಾಕೇಂದ್ರವಾಗಿದೆ. ಹುಟ್ಟಿದೂರಿಗೂ ಐಕ್ಯರಾದ ಊರಿಗೂ ನಡುವಣ ದೂರ ಅಲ್ಪ. ಆ ನಡುವೆ ನಡೆದ ದಾರಿ ಮಾತ್ರ ಬಲು ದೀರ್ಘ.

ಈ ಸೀಮೆಯ ಶಾಲೆಗಳಲ್ಲಿ ಅಕ್ಷರ ಕಲಿತು ದೂರದ ಊರುಗಳಲ್ಲಿ ಬದುಕು ಕಟ್ಟಿಕೊಂಡವರು ಇಂದು ಅನೇಕರು. ಊರು ಬಿಡುವುದು ದೋಷವಲ್ಲ. ಶಿವಯೋಗಿಗಳೂ ಒಮ್ಮೆ ಬಿಟ್ಟವರೇ. ಗಳಿಸಿದುದನ್ನು ಹೊತ್ತು ಮರಳುವ ದಾರಿಯನ್ನು ಮರೆಯದಿರುವುದೇ ಆ ಮಹಾಚೇತನಕ್ಕೆ ಸಲ್ಲುವ ನಿಜವಾದ ಪೂಜೆ.